ಅದ್ಭುತವೂ ಕರುಣವೂ: ‘ಸೊಲಾರಿಸ್’ ಕಾದಂಬರಿ ಮತ್ತು ಚಲನಚಿತ್ರ



ಸಾಹಿತ್ಯಕ್ಕೂ ಇತರ ಕಲೆಗಳಿಗೂ ಇರುವ ಸಂಬಂಧವನ್ನು ಕುರಿತು ಉಪನ್ಯಾಸ ನಡೆಯಬೇಕೆಂದಷ್ಟೇ ವಿಧಿಸಿ, ಯಾವ ಸಾಹಿತ್ಯ, ಯಾವ ಕಲೆ ಎಂಬುದನ್ನು ಉಪನ್ಯಾಸಕನ ವಿವೇಚನೆಗೆ ಬಿಟ್ಟಿರುವ ಈ ದತ್ತಿಯ ಸ್ಥಾಪಕರ ಔದಾರ್ಯವನ್ನು ನಾನು ಇಂದು ಸ್ವಲ್ಪ ಧಾರಾಳವಾಗಿಯೇ ಬಳಸಿಕೊಳ್ಳುತ್ತಿದ್ದೇನೆ. ಪಂಡಿತಮಂಡಲಿಯಲ್ಲಿ ಇನ್ನೂ ಪೂರ್ಣವಾದ ಪಂಕ್ತಿಮರ್ಯಾದೆ ದೊರೆಯದ ವೈಜ್ಞಾನಿಕ ಕಥಾಸಾಹಿತ್ಯದಿಂದ ಒಂದು ಕೃತಿಯನ್ನೂ, ಅದನ್ನಾಧರಿಸಿ ಹುಟ್ಟಿದ ಒಂದು ಚಲನಚಿತ್ರವನ್ನೂ ಎದುರುಬದುರಾಗಿ ಇರಿಸಿ ನೋಡುವುದು ನನ್ನ ಉದ್ದೇಶ. ಕೃತಿ, ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರಲ್ಲಿ ಪ್ರಕಟಿಸಿದ ‘ಸೊಲಾರಿಸ್’. ಚಿತ್ರ, ರಷ್ಯದ ಆಂದ್ರೇ ತಾರ್ಕೋವ್‌ಸ್ಕಿ ಅದೇ ಹೆಸರಿನಿಂದ 1972ರಲ್ಲಿ ತೆರೆಗೆ ತಂದದ್ದು. ಚಿತ್ರಕ್ಕೆ ಆ ವರ್ಷವೇ ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಮಹಾಪ್ರಶಸ್ತಿ ಸಂದಿತು. ಕಾದಂಬರಿಕಾರನಿಂದ ಮಾತ್ರ ಅದಕ್ಕೆ ಕಡೆಯವರೆಗೂ ಸಂದದ್ದು ಅಸಮಾಧಾನ. ಮೂಲಕರ್ತನೂ ರೂಪಾಂತರಕಾರನೂ ತಮ್ಮ ತಮ್ಮ ಕ್ಷೇತ್ರದಲ್ಲಿ ಅಗ್ರಗಣ್ಯರಾಗಿದ್ದು, ಒಬ್ಬನನ್ನು ವಾದಿಯೆಂದೂ ಇನ್ನೊಬ್ಬನನ್ನು ಅಪರಾಧಿಯೆಂದೂ ಸುಲಭವಾಗಿ ನಿರ್ಣಯಿಸಲು ಬಾರದ ಇಂತಹ ವ್ಯಾಜ್ಯ ವಿಮರ್ಶಕನಿಗೆ ಒದಗುವುದು ಅಪರೂಪ.

ರೂಪಾಂತರದ ಮಾತು ಬಂದೊಡನೆಯೇ ಮೂಲನಿಷ್ಠೆಯ ಪ್ರಶ್ನೆ ಏಳುತ್ತದೆ. ಕನ್ನಡಿಗರಾದ ನಮಗೆ ಆ ಪ್ರಶ್ನೆ ಬಹಳ ಕಾಡಬೇಕಾದ ಕಾರಣವಿಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿ, ಕಥೆಯ ಕೊನೆಯಲ್ಲಿ ಧರ್ಮರಾಯನನ್ನು ಬದಿಗಿರಿಸಿ ಅರ್ಜುನ ಸುಭದ್ರೆಯರನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದ ಪಂಪನನ್ನು ಆದಿಕವಿಯೆಂದು ಕೊಂಡಾಡುತ್ತ ಬಂದಿರುವ ನಾವು, ವ್ಯಾಸರಿಗೆ ಅನ್ಯಾಯವಾಯಿತೆಂದು ಯಾವ ಕಾಲದಲ್ಲಿಯೂ ದೂರಿತ್ತವರಲ್ಲ. ಆನಂದವರ್ಧನನಂತೂ, ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದುದು ಇದ್ದರೆ ಕವಿ ಅದನ್ನು ತ್ಯಜಿಸಬೇಕು, ಅನುಕೂಲವಾದುದನ್ನು ಕಲ್ಪಿಸಿ ಸೇರಿಸಬೇಕು, ಕಥೆಯನ್ನು ಸುಮ್ಮನೆ ನಿರ್ವಹಿಸಿಕೊಂಡು ಹೋಗುವುದು ಕವಿಯ ಕೆಲಸವೇ ಅಲ್ಲವೆಂದು ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ನಿಸ್ಸಂಕೋಚವಾಗಿ ನುಡಿದಿದ್ದಾನೆ. ಆದಕಾರಣ ನಾವು ಕೇಳತಕ್ಕದ್ದು ಇಷ್ಟು: ಮೂಲದಲ್ಲಿ ಅಂಗಿ, ಎಂದರೆ ಪ್ರಧಾನ, ಆಗಿದ್ದ ರಸ ಯಾವುದು, ರೂಪಾಂತರದಲ್ಲಿ ಅಂಗಿಯಾದುದು ಯಾವುದು, ಆ ಪಲ್ಲಟದಿಂದ ಕೃತಿಗೆ ಒದಗಿದ್ದೇನು, ಹೋದದ್ದೇನು? ನನ್ನ ತೀರ್ಮಾನವನ್ನು ಮರೆಮಾಚದೆ ಮೊದಲೇ ಹೇಳಿಬಿಡುತ್ತೇನೆ. ಲೆಮ್ಮನಲ್ಲಿ ಅದ್ಭುತವು ಅಂಗಿ, ಕರುಣವು ಅದರ ಅಂಗ. ತಾರ್ಕೋವ್‌ಸ್ಕಿ ಈ ಕ್ರಮವನ್ನು ತಿರುವುಮುರುವು ಮಾಡಿದ. ಲೆಮ್ಮನ ಕೋಪ ಇದರಿಂದ ಹುಟ್ಟಿತು, ಮತ್ತು ಆ ಕೋಪ ನಿರಾಧಾರವಾದುದಲ್ಲ. ಆದರೆ ಅವನನ್ನು ಬಹಳವಾಗಿ ಕೆರಳಿಸಿದ ಸಂಗತಿಗಳಲ್ಲೊಂದಾದ ಚಿತ್ರದ ಮುಕ್ತಾಯವಿದೆಯಲ್ಲ, ಅಲ್ಲಿಯೇ ಚಿತ್ರವು ಮೂಲದ ಬಳಿಗೆ ಮರಳಿ ಬಂದಿತು.

ಕಾದಂಬರಿಯಿಂದ ಪ್ರಾರಂಭಿಸೋಣ. ಲೆಮ್ 1921ರಲ್ಲಿ, ಆಗ ಪೋಲೆಂಡಿಗೆ ಸೇರಿದ್ದು ಈಗ ಉಕ್ರೇನಿನಲ್ಲಿರುವ ಲ್ವೋವ್ ನಗರದಲ್ಲಿ ಹುಟ್ಟಿ, ನಾಜಿ ಆಕ್ರಮಣದ ವರ್ಷಗಳನ್ನು ಸುಳ್ಳು ದಾಖಲೆಪತ್ರಗಳ ಮರೆಯಲ್ಲಿ ಯಂತ್ರ ದುರಸ್ತಿಯ ಕೆಲಸಗಾರನಾಗಿ ಕಳೆದು, ಯುದ್ಧಾನಂತರ ಕ್ರಾಕೋವ್ ನಗರಕ್ಕೆ ಬಂದು ವೈದ್ಯಶಾಸ್ತ್ರವನ್ನು ಓದಿದವನು. ವಿಜ್ಞಾನವನ್ನು ಅವನು ದೂರದಿಂದ ಕೈಮುಗಿದು ನೋಡಿದವನಲ್ಲ. ಸಂಶೋಧಕರು ಹೇಗೆ ಪಂಗಡ ಕಟ್ಟುತ್ತಾರೆ, ಊಹೆಯು ಹೇಗೆ ಸಿದ್ಧಾಂತವಾಗಿ, ಸಿದ್ಧಾಂತವು ಪಠ್ಯಗ್ರಂಥವಾಗಿ, ಪಠ್ಯಗ್ರಂಥವು ಕಪಾಟಿನ ಧೂಳಾಗುತ್ತದೆ ಎಂಬುದನ್ನು ಒಳಗಿನವನಂತೆ ಬಲ್ಲವನು. ಅವನ ಸೊಲಾರಿಸ್ ಒಂದು ಗ್ರಹ. ಅದಕ್ಕೆ ಕೆಂಪಗಿನದೊಂದು, ನೀಲಿಯದೊಂದು, ಹೀಗೆ ಎರಡು ಸೂರ್ಯರು. ಗಣಿತವನ್ನು ನಂಬಿದರೆ ಅಂತಹ ಗ್ರಹದ ಕಕ್ಷೆ ಸ್ಥಿರವಾಗಿರಲಾರದು, ಕಾಲಾಂತರದಲ್ಲಿ ಅದು ಸೂರ್ಯನೊಳಕ್ಕೆ ಬಿದ್ದು ಭಸ್ಮವಾಗತಕ್ಕದ್ದು, ಆದರೆ ಬೀಳುವುದಿಲ್ಲ. ಗ್ರಹವನ್ನು ಆವರಿಸಿರುವ ಲೋಳೆಯಂತಹ ಸಾಗರವು ತಾನೇ ಒಂದು ಜೀವಿಯಾಗಿದ್ದು, ತನ್ನ ನೆಲೆಯ ಪಥವನ್ನು ತಾನೇ ತಿದ್ದಿಕೊಳ್ಳುತ್ತಿದೆ! ಕಣ್ಣಿಲ್ಲದ, ಕಿವಿಯಿಲ್ಲದ, ಕೈಯಿಲ್ಲದ, ನಮ್ಮೊಡನೆ ಮಾತನಾಡುವ ಇಚ್ಛೆಯ ಯಾವ ಕುರುಹನ್ನೂ ತೋರದ ಈ ಮಹಾಸತ್ತ್ವವು ತನ್ನ ಮೈಯಿಂದ ಕ್ಷಣಕ್ಷಣಕ್ಕೂ ಬೆಟ್ಟದಷ್ಟು ದೊಡ್ಡ ಆಕೃತಿಗಳನ್ನು ಎಬ್ಬಿಸುತ್ತದೆ, ಮುಳುಗಿಸುತ್ತದೆ. ಅವುಗಳಲ್ಲಿ, ಸಮೀಪಕ್ಕೆ ಬಂದ ವಸ್ತುವಿನ ಪಡಿಯಚ್ಚನ್ನು ಅರ್ಧ ಸರಿಯಾಗಿ ಅರ್ಧ ವಿಕಾರವಾಗಿ ಎರಕಹೊಯ್ಯುವುದು ‘ಮಿಮಾಯ್ಡ್’. ಗಣಿತದ ಸಮೀಕರಣವೊಂದು ಮೂರ್ತಿಮತ್ತಾಗಿ ನಿಂತಂತೆ ಅರಳಿ ಸಿಡಿಯುವುದು ‘ಸಿಮೆಟ್ರಿಯಾಡ್’. ಇವುಗಳಿಗೆ ಹೆಸರಿಟ್ಟು ವರ್ಗೀಕರಿಸಿದ ಗೀಸೆ ಎಂಬ ವಿದ್ವಾಂಸನೂ ಸೇರಿ 106 ಮಂದಿ ಅಂತಹ ಒಂದು ಸ್ಫೋಟದಲ್ಲಿಯೇ ಸತ್ತರೆಂದು ಕಥೆ ಹೇಳುತ್ತದೆ.

ಕಥಾನಾಯಕ ಕ್ರಿಸ್ ಕೆಲ್ವಿನ್ ಸಾಗರದ ಮೇಲೆ ತೇಲುವ ನಿಲ್ದಾಣಕ್ಕೆ ಬಂದ ಮೇಲೆ, ತನ್ನ ಪ್ರಾಣಕ್ಕೂ ಬುದ್ಧಿಗೂ ಸಂಕಟ ಒದಗಿರುವ ಹೊತ್ತಿನಲ್ಲಿ, ಅಲ್ಲಿಯ ಗ್ರಂಥಾಲಯಕ್ಕೆ ಹೋಗಿ ಕುಳಿತು ಓದುತ್ತಾನೆ. ಪುಟಗಟ್ಟಲೆ ಓದುತ್ತಾನೆ. ಒಂದು ಶತಮಾನಕ್ಕೂ ಮಿಕ್ಕಿದ ‘ಸೊಲಾರಿಸ್ ಶಾಸ್ತ್ರ’ದ ಇತಿಹಾಸವೇ ನಮ್ಮ ಮುಂದೆ ತೆರೆದುಕೊಳ್ಳುತ್ತದೆ: ಆರಂಭದ ಉತ್ಸಾಹಿಗಳು, ಮಧ್ಯಕಾಲದ ಸಂಗ್ರಹಕಾರರು, ಕೊನೆಗಾಲದ ಸಂಶಯವಾದಿಗಳು, ಹುಚ್ಚರು, ಟೀಕಾಕಾರರು, ಸಾಗರದೊಡನೆ ಸಂಪರ್ಕ ಸಾಧಿಸಬೇಕೆಂಬ ಈ ತವಕವು ವಿಜ್ಞಾನದ ವೇಷ ಹಾಕಿಕೊಂಡ ಮತಶ್ರದ್ಧೆಯಲ್ಲದೆ ಬೇರಲ್ಲವೆಂದು ವಾದಿಸುವ ಮುಂಟಿಯಸ್ ಎಂಬೊಬ್ಬ ಪಾಷಂಡಿ. ಈ ಗ್ರಂಥಗಳೂ ಗ್ರಂಥಕಾರರೂ ಎಲ್ಲರೂ ಲೆಮ್ಮನ ಕಲ್ಪನೆಯ ಸಂತಾನ. ಕಥೆಯ ಓಟಕ್ಕೆ ಅಡ್ಡಬಂದವೆಂದು ಈ ಪುಟಗಳನ್ನು ಹಾರಿಸಿಬಿಡುವ ಓದುಗರು ಉಂಟು. ನನಗಂತೂ ಕಾದಂಬರಿಯ ಹೃದಯಸ್ಥಾನವೇ ಇದು ಎನಿಸುತ್ತದೆ. ಸಾಗರವನ್ನು ನೇರವಾಗಿ ವರ್ಣಿಸಿ ಅದ್ಭುತವನ್ನು ಹುಟ್ಟಿಸುವುದು ಸಾಮಾನ್ಯ ಲೇಖಕನ ಮಾರ್ಗ. ಅದನ್ನು ವರ್ಣಿಸಹೊರಟ ಒಂದು ಗ್ರಂಥಾಲಯವೇ ಸೋತುಹೋದುದನ್ನು ಶುಷ್ಕವಾದ ಪಂಡಿತಭಾಷೆಯಲ್ಲಿ ವರದಿಮಾಡಿ ಅದೇ ರಸವನ್ನು ಹುಟ್ಟಿಸಿದ್ದು ಲೆಮ್ಮನ ಪ್ರತಿಭೆ.

ಇನ್ನು ನಿಲ್ದಾಣದ ಸಂಕಟ. ಅಲ್ಲಿದ್ದ ಮೂವರಲ್ಲಿ ಗಿಬಾರಿಯನ್ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಸಾರ್ಟೋರಿಯಸ್ ತನ್ನ ಪ್ರಯೋಗಶಾಲೆಯ ಬಾಗಿಲು ತೆರೆಯುವುದಿಲ್ಲ. ಸ್ನೌಟ್ ಬಂದವನನ್ನು ಕಂಡು ಭೂತವನ್ನು ಕಂಡವನಂತೆ ಬೆದರುತ್ತಾನೆ. (ಆ ಪುಟವನ್ನು ಬರೆಯುತ್ತಿದ್ದಾಗ ಸ್ನೌಟ್ ಏಕೆ ಬೆದರಿದನೆಂಬುದು ತನಗೂ ತಿಳಿದಿರಲಿಲ್ಲವೆಂದು ಲೆಮ್ ಮುಂದೆ ಹೇಳಿಕೊಂಡಿದ್ದಾನೆ, ಯೋಜನೆಯಿಲ್ಲದೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಆಶ್ವಾಸನೆ ಬೇಕಿಲ್ಲ.) ಕಾರಣವಿಷ್ಟು: ಸಾಗರವು ನಿದ್ರಿಸುತ್ತಿರುವವರ ಮನಸ್ಸಿನ ಆಳದಿಂದ ಒಬ್ಬೊಬ್ಬ ವ್ಯಕ್ತಿಯನ್ನು ಹೆಕ್ಕಿ, ಸಶರೀರವಾಗಿ ಸೃಷ್ಟಿಸಿ ಕಳುಹಿಸುತ್ತಿದೆ. ಕೆಲ್ವಿನ್ನನ ಬಳಿಗೆ ಬಂದವಳು ಹ್ಯಾರಿ. ಹತ್ತು ವರ್ಷದ ಹಿಂದೆ, ಅವನು ಮುನಿದು ಬಿಟ್ಟುಹೋದುದರಿಂದ ವಿಷದ ಸೂಜಿ ಚುಚ್ಚಿಕೊಂಡು ಸತ್ತ ಅವನ ಪ್ರಿಯೆ. ಈ ಘಟ್ಟದಲ್ಲಿ ಕಾದಂಬರಿಯ ಕೆಲ್ವಿನ್ ಮಾಡುವ ಕೆಲಸವನ್ನು ಗಮನಿಸಬೇಕು. ತನಗೆ ಹುಚ್ಚು ಹಿಡಿದಿದೆಯೆ ಎಂದು ಪರೀಕ್ಷಿಸಲು ಅವನು ಗ್ರಹವನ್ನು ಸುತ್ತುವ ಉಪಗ್ರಹವೊಂದರಿಂದ ಅದರ ಪಥದ ಅಂಕಿಗಳನ್ನು ಕೇಳಿ, ಅವುಗಳನ್ನು ನೋಡದೆ ಬದಿಗಿಟ್ಟು, ಅದೇ ಗಣಿತವನ್ನು ಬೇರೆಯಾಗಿ ಮಾಡಿಸಿ, ಎರಡನ್ನೂ ತಾಳೆನೋಡುತ್ತಾನೆ. ದಶಮಾಂಶದ ನಾಲ್ಕನೆಯ ಸ್ಥಾನದವರೆಗೂ ಹೊಂದಿಕೊಳ್ಳುತ್ತವೆ. ಹುಚ್ಚು ಹಿಡಿದ ಮಿದುಳು ಅಷ್ಟು ಗಣಿತವನ್ನು ತಾನಾಗಿ ಕಲ್ಪಿಸಲಾರದು. ಅಂದಮೇಲೆ ಕಂಡದ್ದೆಲ್ಲ ನಿಜ. ಪ್ರಿಯೆಯ ಪ್ರೇತವನ್ನು ಕಂಡ ಮನುಷ್ಯನೊಬ್ಬ ಲೆಕ್ಕ ಮಾಡಲು ಕೂಡುವ ಈ ಪ್ರಸಂಗ ಚಿತ್ರದಲ್ಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಚಿತ್ರದ ಕೆಲ್ವಿನ್ನನಿಗೆ ಸಂಶಯ ತನ್ನ ಬುದ್ಧಿಯ ಮೇಲಲ್ಲ, ತನ್ನ ನಡತೆಯ ಮೇಲೆ.

ತಾರ್ಕೋವ್‌ಸ್ಕಿ ಈ ಕಥೆಯನ್ನು ಕೈಗೆತ್ತಿಕೊಂಡ ಸಂದರ್ಭವನ್ನೂ ಒಂದು ಮಾತಿನಲ್ಲಿ ನೆನೆಯತಕ್ಕದ್ದು. 1966ರಲ್ಲಿ ಸಿದ್ಧವಾಗಿದ್ದ ಅವನ ‘ಆಂದ್ರೇ ರುಬ್ಲಿಯೋವ್’ ಚಿತ್ರವನ್ನು ಸೋವಿಯೆತ್ ಅಧಿಕಾರಿಗಳು ವರ್ಷಗಟ್ಟಲೆ ಬಿಡುಗಡೆಮಾಡದೆ ತಡೆಹಿಡಿದಿದ್ದರು. ಅಂತಹ ಸ್ಥಿತಿಯಲ್ಲಿ 1968ರಲ್ಲಿ ಅವನು ಮುಂದಿಟ್ಟ ಪ್ರಸ್ತಾಪಕ್ಕೆ, ಅಂತರಿಕ್ಷಯಾನದ ಜನಪ್ರಿಯ ಕಾದಂಬರಿಯೆಂಬ ಕಾರಣದಿಂದಲೇ, ಅನುಮತಿ ಸಿಕ್ಕುವ ಸಂಭವವಿತ್ತು. ಫ್ರೀಡ್ರಿಖ್ ಗೊರೆನ್‌ಸ್ಟೈನ್ ಎಂಬ ಲೇಖಕನ ಜೊತೆಗೂಡಿ ಅವನು ಚಿತ್ರಕಥೆ ಬರೆದ. ಕಾದಂಬರಿ ಅಂತರಿಕ್ಷದಲ್ಲಿಯೇ ಕಣ್ಣುತೆರೆಯುತ್ತದೆ. ಮೊದಲ ವಾಕ್ಯದಿಂದಲೇ ಕೆಲ್ವಿನ್ ಗ್ರಹಕ್ಕೆ ಇಳಿಯುವ ಸನ್ನಾಹದಲ್ಲಿದ್ದಾನೆ. ಚಿತ್ರವಾದರೋ ನೀರಿನೊಳಗೆ ಬಳುಕುವ ಜೊಂಡಿನಿಂದ ಮೊದಲಾಗಿ, ತಂದೆಯ ಹಳ್ಳಿಮನೆ, ಕೊಳ, ಕುದುರೆ, ಬಯಲಲ್ಲಿ ಮೇಜಿನ ಮೇಲೆ ಬಿಟ್ಟ ಚಹಾದ ಬಟ್ಟಲಿಗೆ ಸುರಿಯುವ ಮಳೆ, ಇವುಗಳ ನಡುವೆ ಸುಮಾರು ಮುಕ್ಕಾಲು ಗಂಟೆ ನಿಂತು, ಆಮೇಲೆ ಆಕಾಶಕ್ಕೆ ಏರುತ್ತದೆ. ಸಾಗರದ ಮೇಲೆ ದೈತ್ಯಶಿಶುವನ್ನು ಕಂಡೆನೆಂದು ಹೇಳಿ ಯಾರಿಂದಲೂ ನಂಬಿಸಿಕೊಳ್ಳದೆ ಹೋದ ವಿಮಾನಿ ಬರ್ಟನ್, ಕಾದಂಬರಿಯಲ್ಲಿ ಒಂದು ಹಳೆಯ ವರದಿಯ ಪುಟಗಳೊಳಗಿನ ವ್ಯಕ್ತಿ. ಚಿತ್ರದಲ್ಲಿ ಅವನು ಮುದುಕನಾಗಿ ಆ ಮನೆಗೇ ಬರುತ್ತಾನೆ, ಅವಮಾನಿತನಾಗಿ ಹಿಂತಿರುಗುತ್ತಾನೆ. ಅವನ ಕಾರು ನಗರದ ಸುರಂಗಮಾರ್ಗಗಳಲ್ಲಿಯೂ ಮೇಲುಸೇತುವೆಗಳಲ್ಲಿಯೂ ನಿಮಿಷಗಟ್ಟಲೆ ಓಡುತ್ತಲೇ ಇರುವ ದೃಶ್ಯವನ್ನು ಟೋಕಿಯೋ ನಗರದಲ್ಲಿ ಚಿತ್ರಿಸಿದರು. ಭವಿಷ್ಯದ ನಗರವೆಂದು ಅದನ್ನು ನಂಬಿಸುವ ಯತ್ನ ನನ್ನ ಮಟ್ಟಿಗೆ ಫಲಿಸಿಲ್ಲ, ಆ ದೃಶ್ಯ ದೀರ್ಘವಾಯಿತೆಂದೇ ನನ್ನ ಅಭಿಪ್ರಾಯ. ಹಳ್ಳಿಮನೆಯ ಭಾಗವನ್ನು ಮಾತ್ರ ಒಂದು ಕ್ಷಣವೂ ಕಡಿಮೆಮಾಡಲು ನಾನು ಒಪ್ಪಲಾರೆ.

ಲೆಮ್ ಆ ಭಾಗವನ್ನೇ ಒಪ್ಪಲಿಲ್ಲ. ಮಾಸ್ಕೋಗೆ ಹೋಗಿ ವಾರಗಟ್ಟಲೆ ನಿರ್ದೇಶಕನೊಡನೆ ವಾದಮಾಡಿ, ಬೇಸತ್ತು ಹಿಂತಿರುಗಿದ. ಕಥೆಯ ಬಹುಭಾಗವನ್ನು ಭೂಮಿಯ ಮೇಲೆಯೇ ನಡೆಸಿ, ಕೆಲ್ವಿನ್ನನಿಗೆ ಇನ್ನೊಬ್ಬ ಹೆಂಡತಿಯನ್ನೂ ಕಲ್ಪಿಸಿದ್ದ ಮೊದಲ ಕರಡು ಅವನ ಆಕ್ಷೇಪಣೆಯಿಂದ ಬದಲಾಯಿತಾದರೂ, ತಂದೆ ತಾಯಿ ಬಂಧುಗಳು ಚಿತ್ರದಲ್ಲಿ ಉಳಿದುಕೊಂಡರು. ನನ್ನ ಕಥೆಗೆ ಇವರನ್ನೆಲ್ಲ ಕರೆದವರು ಯಾರು ಎಂಬ ಧಾಟಿಯಲ್ಲಿ ಅವನು ಕಡೆಯವರೆಗೂ ಗೊಣಗುತ್ತಿದ್ದ. ತಾರ್ಕೋವ್‌ಸ್ಕಿ ತೆಗೆದದ್ದು ‘ಸೊಲಾರಿಸ್’ ಅಲ್ಲ, ದೊಸ್ತೋಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎಂಬ ಅವನ ಟೀಕೆ ಪ್ರಸಿದ್ಧವಾಗಿದೆ. ಕಟುವಾದ ಮಾತಾದರೂ ಮರ್ಮವನ್ನು ಮುಟ್ಟಿದ ಮಾತು. ಕಾದಂಬರಿಯಲ್ಲಿ ಸಾಗರವು ಹ್ಯಾರಿಯನ್ನು ಏಕೆ ಕಳುಹಿಸಿತು ಎಂಬುದಕ್ಕೆ ಉತ್ತರವಿಲ್ಲ: ಶಿಕ್ಷೆಯೋ, ಉಡುಗೊರೆಯೋ, ಪ್ರಯೋಗವೋ, ಅಥವಾ ನಮ್ಮನ್ನು ಗಮನಿಸಿಯೇ ಇಲ್ಲದ ಒಂದು ಮಹಾಜೀವದ ಉಸಿರಾಟದಂತಹ ಸಹಜ ವ್ಯಾಪಾರವೋ? ಆ ಉತ್ತರಾಭಾವವೇ ಅಲ್ಲಿ ಸ್ಥಾಯಿಯಾದ ವಿಸ್ಮಯವನ್ನು ಪೋಷಿಸುತ್ತದೆ. ಸಾಗರವು ಮನುಷ್ಯನ ಅಂತಃಸಾಕ್ಷಿಯನ್ನು ಕೆದಕುವ ಸಾಧನವೆಂದು ಒಮ್ಮೆ ಒಪ್ಪಿಬಿಟ್ಟೆವೆಂದರೆ, ಅದು ಚಿತ್ರಗುಪ್ತನ ಲೆಕ್ಕದ ಪುಸ್ತಕವಾಯಿತು. ನಮಗೆ ಅರ್ಥವಾಗುವ ವಸ್ತುವಾಯಿತು. ಅರ್ಥವಾದೊಡನೆ ಅದ್ಭುತವೂ ತೊಲಗಿತು. ಚಿತ್ರದ ಮಧ್ಯಭಾಗದಲ್ಲಿ ಬಹುಮಟ್ಟಿಗೆ ಸಂಭವಿಸಿರುವುದು ಇದೇ. ಸಾಗರವು ತೆರೆಯ ಮೇಲೆ ಆಗಾಗ ಕಾಣಿಸಿಕೊಂಡು ಕಲಕಾಡಿ ಹೋಗುತ್ತದೆ. ಗೀಸೆಯೂ ಇಲ್ಲ, ಮುಂಟಿಯಸನೂ ಇಲ್ಲ, ಸಿಮೆಟ್ರಿಯಾಡಿನ ಭವ್ಯತೆಯೂ ಇಲ್ಲ.

ಹಾಗಾದರೆ ಒದಗಿದ್ದೇನು? ಒದಗಿದ್ದು ಹ್ಯಾರಿ. ಮೂಲದಲ್ಲಿ ಅವಳ ಕಥೆಯ ಎಲ್ಲ ಘಟನೆಗಳೂ ಉಂಟು: ಕೆಲ್ವಿನ್ ಹೆದರಿ ಮೊದಲನೆಯವಳನ್ನು ರಾಕೆಟ್ಟಿನಲ್ಲಿ ಕೂರಿಸಿ ಶೂನ್ಯಕ್ಕೆ ಕಳುಹಿಸಿಬಿಡುವುದು, ಏನೂ ಆಗದವಳಂತೆ ಅವಳು ಮರಳಿ ಬರುವುದು, ಅವನ ಅಗಲಿಕೆಯನ್ನು ಕ್ಷಣಕಾಲವೂ ಸಹಿಸಲಾರದೆ ಲೋಹದ ಬಾಗಿಲನ್ನೇ ಸೀಳುವುದು, ತಾನು ಹ್ಯಾರಿಯಲ್ಲವೆಂದು ತಿಳಿದು ದ್ರವರೂಪದ ಆಮ್ಲಜನಕವನ್ನು ಕುಡಿಯುವುದು, ಸಾಯಲಾರದೆ ಸೆಟೆದು ಸೆಟೆದು ಮೇಲೇಳುವುದು, ಕೊನೆಗೆ ಕೆಲ್ವಿನ್ನನಿಗೆ ತಿಳಿಯದಂತೆ ತನ್ನ ನಾಶಕ್ಕೆ ತಾನೇ ಒಪ್ಪಿ ಪತ್ರವೊಂದನ್ನು ಬಿಟ್ಟುಹೋಗುವುದು. ಲೆಮ್ ಇದೆಲ್ಲವನ್ನೂ ಕೆಲ್ವಿನ್ನನ ಬಾಯಿಂದ ಹೇಳಿಸಿದ್ದಾನೆ. ಆದುದರಿಂದ ನಾವು ಹ್ಯಾರಿಯನ್ನು ಅವಳನ್ನು ಪರೀಕ್ಷಿಸುವವನ ಕಣ್ಣಿನಿಂದಲೇ ನೋಡುತ್ತೇವೆ. ಚಲನಚಿತ್ರದ ಕಣ್ಣು ಯಾರೊಬ್ಬರದೂ ಅಲ್ಲ. ನತಾಲ್ಯಾ ಬೊಂದಾರ್ಚುಕ್ ಎಂಬ ನಟಿಯ ಮುಖ ಕೆಲ್ವಿನ್ನನ ಅನುಮತಿಯನ್ನು ಬೇಡದೆ ನೇರವಾಗಿ ನಮ್ಮನ್ನು ನೋಡುತ್ತದೆ, ಮತ್ತು ಆ ನೋಟದೊಡನೆ ಪ್ರತಿಕೃತಿಯು ವ್ಯಕ್ತಿಯಾಗುತ್ತದೆ.

ಭವಭೂತಿಯನ್ನು ಓದಿದವರಿಗೆ ಇಲ್ಲಿ ‘ಉತ್ತರರಾಮಚರಿತ’ದ ಮೂರನೆಯ ಅಂಕ, ಛಾಯಾಂಕವೆಂದು ಹೆಸರಾದುದು, ನೆನಪಾಗದೆ ಇರದು. ತಾನೇ ತ್ಯಜಿಸಿದ ಪತ್ನಿಗಾಗಿ ಪಂಚವಟಿಯಲ್ಲಿ ಮೂರ್ಛೆಹೋದ ರಾಮನನ್ನು, ಗಂಗೆಯ ವರದಿಂದ ಯಾರ ಕಣ್ಣಿಗೂ ಬೀಳದ ಸೀತೆ ಸ್ಪರ್ಶಮಾತ್ರದಿಂದ ಎಚ್ಚರಿಸುತ್ತಾಳೆ. ಅಲ್ಲಿ ಬಂದವಳು ನಿಜವಾದ ಪತ್ನಿ, ಆದರೆ ಕಾಣಿಸುವುದಿಲ್ಲ. ಇಲ್ಲಿ ಬಂದವಳು ಕಾಣಿಸುತ್ತಾಳೆ, ಆದರೆ ಪತ್ನಿಯಲ್ಲ. ಕರುಣದ ತೀವ್ರತೆ ಎಲ್ಲಿ ಹೆಚ್ಚೆಂದು ತೂಗುವುದು ನನ್ನ ಕೆಲಸವಲ್ಲ. ಭವಭೂತಿಯೂ ವಾಲ್ಮೀಕಿಯ ಕಥೆಯನ್ನು ಹೀಗೆಯೇ ತಿರುಗಿಸಿದವನು. ಭೂಮಿ ಬಾಯ್ದೆರೆದು ಸೀತೆಯನ್ನು ನುಂಗುವಲ್ಲಿ ಮುಗಿಯಬೇಕಾದುದನ್ನು ಅವನು ಪುನರ್ಮಿಲನದಲ್ಲಿ ಮುಗಿಸಿದ. ಕರುಣವನ್ನು ಅಂಗಿಯಾಗಿ ಹಿಡಿದ ಕವಿಗೆ ಮೂಲದ ಮುಕ್ತಾಯ ಸಾಲದೆ ಬರುತ್ತದೆಯೋ ಏನೋ.

ಗ್ರಂಥಾಲಯವನ್ನು ತಾರ್ಕೋವ್‌ಸ್ಕಿ ಬಿಟ್ಟಿಲ್ಲ. ಅದರೊಳಗಣ ಗ್ರಂಥಗಳನ್ನು ಬದಲಾಯಿಸಿದ್ದಾನೆ. ಸೊಲಾರಿಸ್ ಶಾಸ್ತ್ರದ ಸಂಪುಟಗಳಿದ್ದ ಎಡೆಯಲ್ಲಿ ಮೇಣದಬತ್ತಿಯ ದೀಪಗುಚ್ಛಗಳು, ‘ಡಾನ್ ಕ್ವಿಕ್ಸೋಟ್’, ಗೋಡೆಯ ಮೇಲೆ ಬ್ರೂಗೆಲನ ಚಿತ್ರಗಳು. ಹ್ಯಾರಿ ಆ ಚಿತ್ರಗಳಲ್ಲೊಂದಾದ, 1565ರ ‘ಹಿಮದಲ್ಲಿ ಬೇಟೆಗಾರರು’ ಎಂಬುದನ್ನು ನೋಡುತ್ತ ಕುಳಿತಿದ್ದಾಳೆ. ಕ್ಯಾಮೆರಾ ಆ ಹಿಮದ ಮೇಲೆ, ನಾಯಿಗಳ ಮೇಲೆ, ಬರಿಯ ಕೊಂಬೆಯ ಹಕ್ಕಿಯ ಮೇಲೆ ನಿಧಾನವಾಗಿ ಸರಿಯುತ್ತದೆ. ಎಡ್ವರ್ಡ್ ಅರ್ತೇಮಿಯೆವ್ ಸಂಯೋಜಿಸಿದ ಶಬ್ದಗಳು ಆ ಚಿತ್ರದೊಳಗಿಂದಲೇ ಕೇಳಿಬರುವಂತಿವೆ. ಭೂಮಿಯನ್ನೇ ಕಾಣದ ಜೀವವೊಂದು ಭೂಮಿಯ ಸ್ಮರಣೆಯನ್ನು ಒಬ್ಬ ಚಿತ್ರಕಾರನಿಂದ ಕಡವಾಗಿ ಪಡೆಯುತ್ತಿದೆ. ಅನಂತರ ನಿಲ್ದಾಣವು ಕಕ್ಷೆಯನ್ನು ಬದಲಾಯಿಸುವ ಅರ್ಧ ನಿಮಿಷ ಗುರುತ್ವ ಕಳೆದುಹೋಗಿ, ಬಾಖನ ಆರ್ಗನ್ ಸಂಗೀತ ನುಡಿಯುತ್ತಿರಲು, ಅವರಿಬ್ಬರೂ ದೀಪಗಳ ನಡುವೆ ತೇಲುತ್ತಾರೆ. ಕಾದಂಬರಿಯಲ್ಲಿ ಇದರ ಒಂದೆಳೆಯೂ ಇಲ್ಲ. ಲೆಮ್ಮನ ಗ್ರಂಥಾಲಯ ಮನುಷ್ಯನು ಹೊರಗಿನದನ್ನು ಅರಿಯಲು ಹೋಗಿ ಸೋತುದರ ದಾಖಲೆ. ತಾರ್ಕೋವ್‌ಸ್ಕಿಯದು ಹೊರಗಿನದೊಂದು ಮನುಷ್ಯನನ್ನು ಅರಿಯಲು ಕುಳಿತ ಶಾಲೆ. ಆನಂದವರ್ಧನನು ಅನುಮತಿಸಿದ ಕಲ್ಪನೆಯೆಂದರೆ ಇಂತಹುದು.

ಉಳಿದ ಭೇದಗಳನ್ನು ಬೇಗ ಮುಗಿಸಬಹುದು. ಗಿಬಾರಿಯನ್ನನ ಬಳಿಗೆ ಬಂದ ಅತಿಥಿ ಕಾದಂಬರಿಯಲ್ಲಿ ದೈತ್ಯಾಕಾರದ ಆಫ್ರಿಕನ್ ಸ್ತ್ರೀ, ಚಿತ್ರದಲ್ಲಿ ಹುಡುಗಿ. ಈ ಬದಲಾವಣೆಯಿಂದ ಚಿತ್ರಕ್ಕೆ ಒಳಿತೇ ಆಯಿತು. ಕುಬ್ರಿಕ್ಕನ ‘2001’ ಚಿತ್ರದ ಹೊಳಪು ತಾರ್ಕೋವ್‌ಸ್ಕಿಗೆ ನಿರ್ಜೀವವಾಗಿ ಕಂಡಿತ್ತು. ಆದಕಾರಣ ತಾರ್ಕೋವ್‌ಸ್ಕಿಯ ನಿಲ್ದಾಣದ ಹಜಾರಗಳಲ್ಲಿ ತಂತಿಗಳು ಜೋತಾಡುತ್ತವೆ, ಕಸ ಬಿದ್ದಿರುತ್ತದೆ. ಇಷ್ಟಾಗಿಯೂ ಯಂತ್ರಗಳು ಅತಿಯಾದುವೆಂದು ಅವನೇ ಮುಂದೆ ಪಶ್ಚಾತ್ತಾಪಪಟ್ಟ.

ಈಗ ಮುಕ್ತಾಯ. ಕಾದಂಬರಿಯ ಕೆಲ್ವಿನ್, ಹ್ಯಾರಿ ಹೋದ ಮೇಲೆ, ಅಪೂರ್ಣನಾದ ದೇವರೊಬ್ಬನನ್ನು ಕುರಿತು ಸ್ನೌಟನೊಡನೆ ದೀರ್ಘವಾಗಿ ಮಾತನಾಡಿ, ಮೊದಲ ಬಾರಿಗೆ ನಿಲ್ದಾಣವನ್ನು ಬಿಟ್ಟು, ಒಂದು ಹಳೆಯ ಮಿಮಾಯ್ಡಿನ ಮೇಲೆ ಇಳಿಯುತ್ತಾನೆ. ಸಾಗರದ ಅಲೆಗೆ ಕೈ ಚಾಚುತ್ತಾನೆ. ಅಲೆಯು ಕೈಯನ್ನು ಸುತ್ತುವರಿಯುತ್ತದೆ, ಆದರೆ ನಡುವೆ ತೆಳುವಾದ ಗಾಳಿಯ ಪದರವನ್ನು ಉಳಿಸಿಕೊಂಡು, ಮುಟ್ಟದೆ. ಅವಳು ಬರುವಳೆಂಬ ಭರವಸೆಯೂ ಇಲ್ಲ, ಬಿಟ್ಟುಹೋಗುವ ಶಕ್ತಿಯೂ ಇಲ್ಲ. ಚಿತ್ರದ ಕ್ರಿಸ್ ಹಳ್ಳಿಮನೆಗೆ ಹಿಂತಿರುಗಿ, ಮೆಟ್ಟಿಲ ಬಳಿ ತಂದೆಯ ಕಾಲಿಗೆ ಬೀಳುತ್ತಾನೆ. ರೆಂಬ್ರಾಂಟನ ವರ್ಣಚಿತ್ರದಲ್ಲಿ ಮನೆಗೆ ಮರಳಿದ ಮಗ ಬಿದ್ದಿರುವ ಭಂಗಿಯಲ್ಲಿಯೇ. ಇದನ್ನು ಭೂಮಿತಾಯಿಯ ಮಡಿಲಿಗೆ ಮರಳಿದ ಭಾವುಕತೆಯೆಂದು ಲೆಮ್ ತಿಳಿದ. ಆದರೆ ಆ ದೃಶ್ಯದ ಒಂದು ವಿವರವನ್ನು ಗಮನಿಸಬೇಕು: ಮಳೆ ಸುರಿಯುತ್ತಿರುವುದು ಮನೆಯ ಒಳಗೆ. ಕಿಟಕಿಯ ಹೊರಗೆ ನಿಂತ ಮಗ ನೋಡುತ್ತಿದ್ದಾನೆ. ಒಳಗೆ ತಂದೆಯ ಹೆಗಲ ಮೇಲೆ ನೀರು ಬೀಳುತ್ತಿದೆ, ಅಂಗಿಯಿಂದ ಹಬೆ ಏಳುತ್ತಿದೆ, ಅವನಿಗೆ ಅದರ ಪರಿವೆಯೇ ಇಲ್ಲ. ಹ್ಯಾರಿ ಮೊದಲು ಬಂದಾಗ ಅವಳ ಉಡುಪಿನ ದಾರಗಳು ಬರಿಯ ತೋರಿಕೆಯವಾಗಿದ್ದು, ಬಿಚ್ಚಲು ತೆರಪೇ ಇಲ್ಲದೆ ಕತ್ತರಿಯಿಂದ ಕತ್ತರಿಸಬೇಕಾಗಿತ್ತು. ನೆನಪಿನಿಂದ ನಕಲು ತೆಗೆದ ಸಾಗರಕ್ಕೆ ಉಡುಪು ಏತಕ್ಕೆಂದು ತಿಳಿದಿರಲಿಲ್ಲ. ಅದಕ್ಕೆ ಮಳೆ ಮಾಡಿನ ಯಾವ ಕಡೆ ಸುರಿಯತಕ್ಕದ್ದೆಂಬುದೂ ತಿಳಿಯದು. ಕ್ಯಾಮೆರಾ ಮೇಲೇರುತ್ತದೆ, ಮೋಡಗಳನ್ನು ದಾಟುತ್ತದೆ. ಮನೆ, ಕೊಳ, ರಸ್ತೆ ಎಲ್ಲವೂ ಸೊಲಾರಿಸ್ ಸಾಗರದ ನಡುವಣ ಒಂದು ದ್ವೀಪವೆಂಬುದು ಕಾಣುತ್ತದೆ. ಲೆಮ್ಮನ ಗೀಸೆ ಬದುಕಿದ್ದರೆ ಅದನ್ನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ: ಮಿಮಾಯ್ಡ್. ಎರಡೂ ಕೃತಿಗಳ ನಾಯಕರು ಕಡೆಗೆ ನಿಂತಿರುವುದು ಒಂದೇ ಬಗೆಯ ನೆಲದ ಮೇಲೆ.

ಕ್ಷಮೆಯನ್ನು ಕರುಣಿಸಿದ ಆ ತಂದೆ ಯಾರು, ಕ್ಷಮಿಸಿದುದು ಯಾವುದು, ಸಾಗರಕ್ಕೆ ಕ್ಷಮೆಯೆಂದರೇನೆಂದು ಗೊತ್ತೆ, ಎಂಬ ಪ್ರಶ್ನೆಗಳು ಆ ಒಂದೇ ಆರೋಹಣದಲ್ಲಿ ಎದ್ದು ನಿಲ್ಲುತ್ತವೆ. ಮಧ್ಯಭಾಗದಲ್ಲಿ ಚಿತ್ರಗುಪ್ತನಾಗಿದ್ದ ಸಾಗರವು ಮತ್ತೆ ಅಜ್ಞೇಯವಾಗುತ್ತದೆ. ನಾಟಕವು ಯಾವ ರಸದಲ್ಲಿ ನಡೆದುಬಂದಿದ್ದರೂ ಮುಕ್ತಾಯದ ನಿರ್ವಹಣ ಸಂಧಿಯಲ್ಲಿ ಅದ್ಭುತವಿರತಕ್ಕದ್ದೆಂದು ಭರತಮುನಿ ವಿಧಿಸಿದ್ದಾನೆ. ಭರತನ ಹೆಸರನ್ನೇ ಕೇಳದಿದ್ದಿರಬಹುದಾದ ಒಬ್ಬ ರಷ್ಯನ್ ಕಲಾವಿದ, ಎರಡೂವರೆ ಗಂಟೆಗೂ ಮಿಕ್ಕಿ ಕರುಣವನ್ನೇ ಹರಿಸಿ, ಕೊನೆಯ ನಿಮಿಷದಲ್ಲಿ ಆ ವಿಧಿಯನ್ನು ಪಾಲಿಸಿದ್ದಾನೆ. ಲೆಮ್ಮನಿಗೆ ಬಾಕಿಯಿದ್ದ ಸಾಲವನ್ನು ಅವನು ಅಲ್ಲಿ ತೀರಿಸಿದನೆಂದು ನಾನು ವಾದಿಸುತ್ತೇನೆ. ಸಾಲಗಾರನಿಗೂ ಕೊಟ್ಟವನಿಗೂ ಅದು ತಿಳಿಯಲಿಲ್ಲವಷ್ಟೆ.

2002ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಅಮೆರಿಕದಲ್ಲಿ ಇದೇ ಕಥೆಯನ್ನು ಮತ್ತೊಮ್ಮೆ ಚಿತ್ರಿಸಿ, ಪ್ರಣಯವನ್ನಷ್ಟೇ ಉಳಿಸಿಕೊಂಡಾಗ, ತಾನು ಪುಸ್ತಕಕ್ಕೆ ಸೊಲಾರಿಸ್ ಎಂದು ಹೆಸರಿಟ್ಟದ್ದೇ ಹೊರತು ಅಂತರಿಕ್ಷದಲ್ಲಿ ಪ್ರೇಮ ಎಂದಲ್ಲವೆಂದು ವೃದ್ಧನಾಗಿದ್ದ ಲೆಮ್ ಹೇಳಿದ. ಆ ಚಿತ್ರದ ಮಟ್ಟಿಗೆ ಅದಕ್ಕಿಂತ ಹೆಚ್ಚಿನ ವಿಮರ್ಶೆ ಅನಾವಶ್ಯಕ. ತಾರ್ಕೋವ್‌ಸ್ಕಿಯಾದರೋ, ಯಂತ್ರಗಳ ಕಾಟದಿಂದ ಬಿಡಿಸಿಕೊಂಡು ಇದೇ ಬಗೆಯ ವಸ್ತುವನ್ನು ಇನ್ನೊಮ್ಮೆ ಎತ್ತಿಕೊಂಡ: ಸ್ತ್ರುಗಾತ್‌ಸ್ಕಿ ಸೋದರರ ‘ರಸ್ತೆಬದಿಯ ವನಭೋಜನ’ ಎಂಬ ಕಾದಂಬರಿಯಿಂದ 1979ರಲ್ಲಿ ‘ಸ್ಟಾಕರ್’ ಚಿತ್ರ ಹುಟ್ಟಿತು. ಅಲ್ಲಿ ಮೂಲದ ಲೇಖಕರೇ ಚಿತ್ರಕಥೆಯನ್ನು ಮತ್ತೆ ಮತ್ತೆ ತಿದ್ದಿ ಬರೆದುಕೊಟ್ಟರು, ಜಗಳವಾಡಿ ಎದ್ದುಹೋಗಲಿಲ್ಲ. ಅದರಿಂದ ಒದಗಿದ ಲಾಭನಷ್ಟಗಳ ವಿಚಾರವನ್ನು ಎರಡನೆಯ ಉಪನ್ಯಾಸಕ್ಕೆ ಉಳಿಸಿಕೊಳ್ಳುತ್ತೇನೆ.